ಬೇರೆ ಮಾತ್ರೆ ಏನಾದ್ರೂ?

"ಬೇರೆ ಮಾತ್ರೆ ಏನಾದ್ರೂ ತಗೊಳ್ತಿದ್ದೀರಾ?" ಡಾಕ್ಟರ್ ಕೇಳಿದರು.

"ಇಲ್ಲ, ಬಿಪಿದು ಬಿಟ್ರೆ ಏನೂ ಇಲ್ಲ," ಅಂದರು ಅಪ್ಪ.

ಮಂಗಳವಾರದಿಂದ ಈ ಎರಡು ಮಾತು ತಲೆಯಿಂದ ಹೋಗುತ್ತಿಲ್ಲ. ಕಾಲು ಊದಿತ್ತು. ಮೂತ್ರ ಕಮ್ಮಿಯಾಗಿತ್ತು. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನೋ ಕಶ್ಮಲ ರಕ್ತದಲ್ಲಿ ಏರಿತ್ತು. ಅಂಗಿ ಜೇಬಿನಲ್ಲಿ ಐಬುಪ್ರೊಫೆನ್ ಸ್ಟ್ರಿಪ್ ಇಟ್ಟುಕೊಂಡೇ ಅಪ್ಪ "ಏನೂ ಇಲ್ಲ" ಅಂದಿದ್ದರು! ಮಂಡಿನೋವಿಗೆ ದಿನಕ್ಕೆ ಮೂರು ಸಲ ನುಂಗುತ್ತಿದ್ದರು. ಆದರೂ ಅವರು ಹೇಳಿದ್ದು ಸುಳ್ಳಲ್ಲ. ಡಾಕ್ಟರ್ ಬರೆದುಕೊಟ್ಟದ್ದಷ್ಟೇ ಅವರ ಲೆಕ್ಕಕ್ಕೆ ಬರುತ್ತದೆ.

ನಾನೇ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟೆ. ಡಾಕ್ಟರ್ ಬಯ್ಯಲಿಲ್ಲ, ಒಂದು ಹಾಳೆ ಎಳೆದುಕೊಂಡು ಕಿಡ್ನಿ ಚಿತ್ರ ಬರೆದರು. ಅಪ್ಪನ ಬಿಪಿಗೆ ಟೆಲ್ಮಿಸಾರ್ಟಾನ್, ಜೊತೆಗೆ ಮೂತ್ರ ಹೋಗಿಸುವ ಮಾತ್ರೆ. ಈ ಮಾತ್ರೆ ಮೈಯ ನೀರು ಕಮ್ಮಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಕಿಡ್ನಿಯ ಸೋಸುವ ಜಾಗದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಆಗ ಒಳಬರುವ ನಾಳ ಅಗಲವಾಗಿ ಹೇಗೋ ಸರಿದೂಗಿಸುತ್ತದೆ. ಐಬುಪ್ರೊಫೆನ್ ಅದನ್ನೇ ಬಿಗಿ ಮಾಡುತ್ತದೆ. ಸೋಸುವ ಒತ್ತಡ ಕುಸಿಯುತ್ತದೆ. ವಯಸ್ಸಾದವರಲ್ಲಿ, ವಾಂತಿ ಭೇದಿ ಆದಾಗ ಅಪಾಯ ಇನ್ನೂ ಜಾಸ್ತಿ.

ಆ ಡಾಕ್ಟರ್ ಮೇಲೆ ನನಗೆ ಗೌರವ ಇದೆ. ಆದರೆ ಆ ಪ್ರಶ್ನೆ ಸಾಲದು. "ನೋವಿಗೆ ಏನು ತಗೊಳ್ತೀರಿ? ನೆಗಡಿಗೆ?" ಅಂತ ಕೇಳಿದ್ದರೆ ಅಪ್ಪ ತಾವೇ ಜೇಬಿಗೆ ಕೈ ಹಾಕುತ್ತಿದ್ದರು. ಹೃದಯಕ್ಕೆಂದು ಕಡಿಮೆ ಡೋಸಿನ ಆಸ್ಪಿರಿನ್ ತಗೊಳ್ಳುವವರಿಗೆ ಐಬುಪ್ರೊಫೆನ್ ಅದರ ಕೆಲಸವನ್ನೇ ತಡೆಯಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಜೊತೆ ಐಬುಪ್ರೊಫೆನ್ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಪ್ಯಾರಾಸಿಟಮಾಲ್ ಕಿಡ್ನಿಗೆ ಇಷ್ಟು ತೊಂದರೆ ಕೊಡುವುದಿಲ್ಲ, ನಿಜ. ಆದರೆ ಎಷ್ಟೋ ನೆಗಡಿ ಮಾತ್ರೆಗಳಲ್ಲೂ ಅದೇ ಇರುತ್ತದೆ. ಆರೋಗ್ಯವಂತ ದೊಡ್ಡವರಿಗೂ 24 ಗಂಟೆಗೆ 4 ಗ್ರಾಂ ಮಿತಿ. ಅದು ದಾಟಿದರೆ ಲಿವರ್‌ಗೆ ಪೆಟ್ಟು. ಡಬ್ಬಿ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದು, ಒಳಗಿರುವ ಔಷಧಿಯ ಹೆಸರು ಇರುವೆ ಸಾಲಿನಷ್ಟು. ಇದು ನನಗೆ ತುಂಬಾ ಸಿಟ್ಟು ತರಿಸುತ್ತದೆ.

ಸ್ಟ್ರಿಪ್ ತಂದುಕೊಟ್ಟದ್ದು ಚಿಕ್ಕಪ್ಪ. ಒಳ್ಳೆ ಮನಸ್ಸಿನವರು, ಅಣ್ಣನ ನೋವು ನೋಡಲಾರದೆ ಕೊಟ್ಟರು. "ನಾನು ವರ್ಷಗಟ್ಟಲೆ ತಗೊಂಡಿದ್ದೀನಿ, ಏನೂ ಆಗಿಲ್ಲ," ಅಂದರು. ಅವರಿಗೆ ಬಿಪಿ ಇಲ್ಲವಲ್ಲ! ಇನ್ನು ಅಪ್ಪನಿಗೆ ಏನೇ ಕೊಡುವುದಿದ್ದರೂ ಮೊದಲು ನನಗೆ ಫೋನ್ ಮಾಡಿ ಅಂತ ನೇರವಾಗಿ ಹೇಳಿದೆ. ಬೇಜಾರು ಮಾಡಿಕೊಂಡರು. ಮಾಡಿಕೊಳ್ಳಲಿ. ಐಬುಪ್ರೊಫೆನ್ ನಿಲ್ಲಿಸಿದ್ದೇವೆ, ಮುಂದಿನ ವಾರ ಮತ್ತೆ ರಕ್ತ ಪರೀಕ್ಷೆ ಇದೆ.