ಮೊದಲು ಯಾವ ಸಾಫ್ಟ್‌ವೇರ್ ಕಲಿಸುವುದು?

"ಮಾಷ್ಟ್ರೇ, ಮಗಳಿಗೆ ಅನಿಮೇಶನ್ ಕಲಿಯಬೇಕಂತೆ. ಮೊದಲು ಯಾವ ಸಾಫ್ಟ್‌ವೇರ್ ಕಲಿಸುವುದು?"

ಬದಿಯಡ್ಕ ಪೇಟೆಯಲ್ಲಿ, ಮದುವೆ ಊಟದ ಹಂತಿಯಲ್ಲಿ, ಎಲ್ಲಿ ಸಿಕ್ಕಿದರೂ ಇದೇ ಪ್ರಶ್ನೆ. ನನ್ನ ಉತ್ತರ: ಮೊದಲು ಒಂದು ಬೊಂಬೆಯಾಟ ತೋರಿಸಿ. ಒಮ್ಮೆ ಎದುರು ಕೂತು, ಇನ್ನೊಮ್ಮೆ, ಆಡಿಸುವವರು ಒಪ್ಪಿದರೆ, ಪರದೆಯ ಹಿಂದೆ ನಿಂತು.

ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಕಾಸರಗೋಡಿನಲ್ಲೇ 1981ರಲ್ಲಿ ಹುಟ್ಟಿದ, ಕೆ.ವಿ. ರಮೇಶರ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ ಇದೆ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ವೇಷ ತೊಟ್ಟ, ಒಂದೂವರೆ ಅಡಿ ಎತ್ತರದ ಮರದ ಬೊಂಬೆಗಳು.

ನನ್ನ ವಿದ್ಯಾರ್ಥಿನಿಯೊಬ್ಬಳು ರಾವಣ–ಹನುಮಂತರ ಸಂವಾದವನ್ನು ಅನಿಮೇಶನ್ ಮಾಡಿ ತಂದಿದ್ದಳು. ಕೈಚಳಕ ಚೆನ್ನಾಗಿತ್ತು. ಆದರೆ ಧ್ವನಿ ನಿಲ್ಲಿಸಿ ನೋಡಿದರೆ ಮಾತಾಡುತ್ತಿರುವುದು ಯಾರು ಎಂದೇ ತಿಳಿಯುತ್ತಿರಲಿಲ್ಲ. ಇಬ್ಬರೂ ಎಡೆಬಿಡದೆ ಅಲ್ಲಾಡುತ್ತಿದ್ದರು. ಅವಳನ್ನು ಆಟಕ್ಕೆ ಕರೆದುಕೊಂಡು ಹೋದೆ. ಬೊಂಬೆಯ ಕೆತ್ತಿದ ಮುಖಕ್ಕೆ ಹುಬ್ಬೇರಿಸಲು ಬಾರದು, ತುಟಿ ಅಲ್ಲಾಡಿಸಲೂ ಬಾರದು. ಆದರೂ ಅರ್ಥ, ಅಂದರೆ ಮಾತು, ಹೇಳುತ್ತಿರುವುದು ಯಾವ ಪಾತ್ರ ಎಂದು ಮಕ್ಕಳಿಗೂ ಗೊತ್ತಾಗುತ್ತದೆ. ಆಡುವ ಬೊಂಬೆಯ ತಲೆ, ಕೈ ಮಾತಿನ ಜೊತೆ ಏಳುತ್ತವೆ. ಕೇಳುವ ಬೊಂಬೆ ಸುಮ್ಮನಿರುತ್ತದೆ. ಆ ಸುಮ್ಮನಿರುವಿಕೆಯನ್ನು ಹಿಡಿದು ನಿಲ್ಲಿಸಲು ಹಿಂದೆ ಒಬ್ಬರ ತೋಳು ನೋಯುತ್ತಿರುತ್ತದೆ.

ಇನ್ನು ಪಾದ. ಸೂತ್ರ ಸ್ವಲ್ಪ ಸಡಿಲಾದರೆ ಬೊಂಬೆಯ ಮೊಣಕಾಲು ಕುಸಿಯುತ್ತದೆ, ಸ್ವಲ್ಪ ಬಿಗಿಯಾದರೆ ಬೊಂಬೆ ತೇಲುತ್ತದೆ. ನೆಲದ ಮೇಲೆ ನಿಂತಿದೆ ಎಂಬ ನಂಬಿಕೆ ಆ ಎರಡರ ನಡುವಿನ ಕೂದಲೆಳೆಯಷ್ಟು ಜಾಗದಲ್ಲಿದೆ. ಹೊಸಬರು ಕಂಪ್ಯೂಟರಿನಲ್ಲಿ ನಡೆಸುವ ಪಾತ್ರಗಳೂ ಹೀಗೆಯೇ ತೇಲುತ್ತವೆ. ಪರದೆಯ ಮೇಲಿನ ಚಿತ್ರಕ್ಕೆ ತೂಕವಿಲ್ಲ, ಅದನ್ನು ನಾವೇ ಕೊಡಬೇಕು. ಮರದ ತೂಕವನ್ನು ಬೆರಳಲ್ಲಿ ಒಮ್ಮೆ ಅನುಭವಿಸಿದವರಿಗೆ ಇದನ್ನು ವಿವರಿಸುವ ಕಷ್ಟ ನನಗಿಲ್ಲ.

ಚರ್ಮದ ಬೊಂಬೆಯ ನೆರಳಾಟ ನೋಡಬೇಕಾದರೆ ಆಂಧ್ರದ ಗಡಿಯಾಚೆ, ಧರ್ಮಾವರದ ಹತ್ತಿರದ ನಿಮ್ಮಲಕುಂಟೆ ಇದೆ. ಜರ್ಮನಿಯ ಲೊಟ್ಟೆ ರೈನಿಗರ್ 1926ರಲ್ಲಿ ಕಪ್ಪು ಕಾಗದ ಕತ್ತರಿಸಿ, ಕೀಲು ಜೋಡಿಸಿ, ಒಂದೊಂದೇ ಚಿತ್ರ ತೆಗೆದು ಪೂರ್ಣಪ್ರಮಾಣದ ಸಿನಿಮಾ ಮಾಡಿದರು. ಅದೂ ಕೀಲುಗೊಂಬೆಯ ನೆರಳೇ.

ಬೊಂಬೆಯಾಟವನ್ನು ಅನಿಮೇಶನ್ನಿನ ಅಜ್ಜ ಎಂದು ಯಾರಾದರೂ ಹೊಗಳಿದರೆ ನನಗೆ ಸಂಕಟವಾಗುತ್ತದೆ. ಅಜ್ಜನೆಂದು ಪಟ ತೂಗುಹಾಕಿ, ವೀಳ್ಯ ಕೊಟ್ಟು ಆಟ ಆಡಿಸುವುದನ್ನು ಮರೆಯುತ್ತೇವೆ. ಎರಡೂ ಒಂದೇ ಅಲ್ಲ. ಅನಿಮೇಶನ್ನಿನಲ್ಲಿ ನಾವು ಸೆಕೆಂಡಿಗೆ 24 ಚಿತ್ರ ಜೋಡಿಸುತ್ತೇವೆ, ತಪ್ಪಿದರೆ ಅಳಿಸುತ್ತೇವೆ. ನಮಗೆ ಮಾತು ಮೊದಲೇ ಧ್ವನಿಮುದ್ರಣವಾಗಿ ಸಿಗುತ್ತದೆ. ಬೊಂಬೆಯಾಟದಲ್ಲಿ ಹಾಗಲ್ಲ: ಹಾಡುವ ಭಾಗವತರು ಪದವನ್ನು, ಅಂದರೆ ಹಾಡನ್ನು, ಇವತ್ತು ಎಷ್ಟು ಎಳೆಯುತ್ತಾರೋ ಅಷ್ಟಕ್ಕೆ, ಆ ಕ್ಷಣದಲ್ಲೇ, ಸೂತ್ರ ಹಿಡಿದ ಕೈ ಸಿದ್ಧವಿರಬೇಕು.

ಆದ್ದರಿಂದ ಮಗಳನ್ನು ಆಟಕ್ಕೆ ಕರೆದುಕೊಂಡು ಹೋಗಿ. ಮನೆಗೆ ಬಂದ ಮೇಲೆ ಎರಡು ಬಟ್ಟೆಗೊಂಬೆ ಕೊಟ್ಟು, ಬಾಯಿ ತೆರೆಯದೆ ಜಗಳ ಆಡಿಸಲು ಹೇಳಿ. ಬೈಯುತ್ತಿರುವುದು ಯಾವುದು, ಬೈಸಿಕೊಳ್ಳುತ್ತಿರುವುದು ಯಾವುದು ಎಂದು ಅಜ್ಜಿಗೆ ಗೊತ್ತಾದರೆ ನನ್ನ ಹತ್ತಿರ ಕಳಿಸಿ.