ಹುಳು ಹಣ್ಣಾದಾಗ ಇವನು ಬರಲ್ಲ

ಜೂನ್ ಮೊದಲ ವಾರ. ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಪ್ರೌಢಶಾಲೆಯ ಎಂಟನೇ ತರಗತಿಗೆ 'ಈ ವರ್ಷದ ಗುರಿ ಬರೀರಿ' ಅಂತ ಚೀಟಿ ಹಂಚಿದೆ. ಬಂದದ್ದು ಎಂದಿನಂತೆ ಐಎಎಸ್, ಡಾಕ್ಟರ್, ಪೊಲೀಸ್, 95 ಪರ್ಸೆಂಟ್. ಮುದ್ದೇನಹಳ್ಳಿ ನಮ್ಮ ಜಿಲ್ಲೆಯಲ್ಲೇ ಇರೋದರಿಂದ ವಿಶ್ವೇಶ್ವರಯ್ಯನವರ ಹಾಗೆ ಇಂಜಿನಿಯರ್ ಆಗೋಕೆ ಹೊರಟವರೂ ಒಂದಿಬ್ಬರು ಇದ್ದೇ ಇರ್ತಾರೆ. ಇವನ್ನೆಲ್ಲ ಚಾರ್ಟಿಗೆ ಅಂಟಿಸಿದರೆ ಗೋಡೆಗೆ ಚೆಂದ, ಶಾಲೆ ನೋಡಲು ಬರುವ ಅಧಿಕಾರಿಗಳಿಗೂ ಖುಷಿ. ಬರೆದವರಿಗೆ ಮಾತ್ರ ವಾರ ಕಳೆದರೆ ನೆನಪಿರಲ್ಲ.

ಅದಕ್ಕೇ ಇನ್ನೊಂದು ಚೀಟಿ ಕೊಟ್ಟೆ. ಕೆಲಸದ ಹೆಸರು, ಅಂಕ ಎರಡೂ ಬರೆಯೋ ಹಾಗಿಲ್ಲ. ಮೊದಲ ಎಫ್‌ಎ (ಕಿರುಪರೀಕ್ಷೆ) ಬರೋದರೊಳಗೆ ನಿನ್ನ ಕೈಯಲ್ಲಿ ಆಗುವಂಥದ್ದು ಒಂದೇ ಒಂದು. ಆಮೇಲೆ ಚೀಟಿ ಪಕ್ಕದವರ ಕೈಗೆ. 'ಇದಕ್ಕೆ ಏನು ಅಡ್ಡ ಬರುತ್ತೆ?' ಅಂತ ಅವರು ಕೆಳಗೆ ಬರೀಬೇಕು. (ಮನೆ ಜಗಳದ ಮಾತು ಬೇಡ ಅಂತ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಯಾರಾದರೂ ಅಳೋದು ಗ್ಯಾರಂಟಿ.)

'ಒಂದು ದಿನವೂ ರಜಾ ಹಾಕಲ್ಲ' ಅಂದವನ ಚೀಟಿಯಲ್ಲಿ ಗೆಳೆಯ ಬರೆದಿದ್ದ: 'ಹುಳು ಹಣ್ಣಾದಾಗ ಇವನು ಬರಲ್ಲ.' ತರಗತಿ ಗೊಳ್ಳೆಂದಿತು. ರೇಷ್ಮೆ ಸಾಕೋ ಮನೆಯವರಿಗೆ ಇದು ಚಾಡಿ ಅನಿಸಲ್ಲ. ನಾಲ್ಕನೇ ಜ್ವರದಿಂದ (ಪೊರೆ ಕಳಚೋ ಹೊತ್ತಿನ ನಿದ್ದೆಯಿಂದ) ಎದ್ದ ಹುಳು ಒಂದು ವಾರ ಎಷ್ಟು ಸೊಪ್ಪು ಹಾಕಿದರೂ ಮುಗಿಸುತ್ತೆ; ಹಣ್ಣಾದ ದಿನ, ಅಂದರೆ ಗೂಡು ಕಟ್ಟೋಕೆ ತಯಾರಾದ ದಿನ, ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡೋಕೆ ಮನೆಯಲ್ಲಿರೋ ಅಷ್ಟೂ ಕೈ ಬೇಕು.

'ಏನೋ ಮಾಡ್ತೀಯ?'

'ಆವತ್ತು ಬರೋಕಾಗಲ್ಲ ಮಿಸ್. ಅಪ್ಪ ಬಯ್ತಾರೆ.'

'ಸರಿ, ಬರಬೇಡ. ಪಾಠ?'

ಗೆಳೆಯನ ಕಡೆ ನೋಡಿದ. 'ಸಂಜೆ ಇವನ ನೋಟ್ಸ್ ಇಸ್ಕೊಂಡು ಬರ್ಕೋತೀನಿ.'

ಗುರಿ ಅಲ್ಲೇ ಬದಲಾಯಿತು: ರಜಾ ಹಾಕಿದ ದಿನದ ಪಾಠ ಅವತ್ತೇ ರಾತ್ರಿ ಬರೆಯೋದು. ನನಗೆ ಮೊದಲಿನದಕ್ಕಿಂತ ಇದೇ ದೊಡ್ಡ ಗುರಿ ಅನಿಸಿತು.

ಒಬ್ಬ ಹುಡುಗಿಗೆ ಪರೀಕ್ಷೆ ಬರೆದು ಪಡೆಯೋ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಆಸೆ. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಅವಳ ಮನೆಗೆ ಸಣ್ಣ ಮೊತ್ತವೇನಲ್ಲ. ಅಡ್ಡಿ, ಸಂಜೆ ತಮ್ಮನನ್ನು ನೋಡಿಕೊಳ್ಳಬೇಕು. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಐದು ಮಾನಸಿಕ ಸಾಮರ್ಥ್ಯದ ಪ್ರಶ್ನೆ ಬಿಡಿಸ್ತೀನಿ ಅಂತ ಅವಳೇ ದಾರಿ ಹುಡುಕಿಕೊಂಡಳು.

ಚೀಟಿಗಳು ಗೋಡೆ ಹತ್ತಲಿಲ್ಲ, ನೋಟ್‌ಬುಕ್ಕಿನ ಕೊನೇ ಪುಟ ಸೇರಿದವು. ಶನಿವಾರ ಕೊನೇ ಪಿರಿಯಡ್‌ನಲ್ಲಿ ತೆಗೆದು ನೋಡ್ತೀವಿ. ಜುಲೈಯಲ್ಲಿ ಆ ಹುಡುಗಿ ಪುಸ್ತಕ ಹಿಡಿದು ಮೇಜಿನ ಹತ್ತಿರ ಬಂದಳು.

'ಮಿಸ್, ಬಸ್ಸು ಲೇಟಾಗುತ್ತೆ, ಐದು ಆಗ್ತಿಲ್ಲ. ಮೂರು ಮಾಡ್ಕೊಳ್ಳಲಾ?'

'ಮಾಡ್ಕೋ. ಆದ್ರೆ ಐದನ್ನ ಅಳಿಸಬೇಡ, ಪಕ್ಕದಲ್ಲೇ ತಾರೀಖು ಹಾಕಿ ಬರಿ' ಅಂದೆ.