ಗ್ರೀಕರ ಕಥೆಯೇ ಏಕೆ?

"ನಮ್ಮಲ್ಲೇ ರಾಮಾಯಣ, ಮಹಾಭಾರತ ಇರುವಾಗ ಗ್ರೀಕರ ಪುರಾಣವನ್ನು ಏಕೆ ಕಾದಂಬರಿ ಮಾಡಿದಿರಿ?" ನನ್ನ ಪುಸ್ತಕವನ್ನು ಓದಿದವರೂ ಓದದವರೂ ಕೇಳುವ ಪ್ರಶ್ನೆ ಇದು.

ಗ್ರೀಕರ ಮನೆಗೆ ನನ್ನನ್ನು ಕರೆದೊಯ್ದದ್ದು ಕನ್ನಡವೇ. ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ 'ಏಜಾಕ್ಸ್' ನಾಟಕವನ್ನು ಮಹಾಭಾರತದ ಆವರಣಕ್ಕೆ ತಂದು 'ಅಶ್ವತ್ಥಾಮನ್' ಬರೆದರು. ಅದನ್ನು ಓದಿದ ಮೇಲೆ, ಅಶ್ವತ್ಥಾಮನ ಬೆನ್ನ ಹಿಂದೆ ನಿಂತಿರುವ ಆ ಏಜಾಕ್ಸ್ ಯಾರೆಂದು ಹುಡುಕಿ ಹೊರಟೆ. ಗ್ರೀಕರು ಟ್ರಾಯ್ ನಗರದ ಮೇಲೆ ಹೂಡಿದ ಯುದ್ಧದಲ್ಲಿ ಅವರ ಮಹಾವೀರ ಅಖಿಲಿಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಸಲ್ಲಬೇಕೆಂದು ನಂಬಿದ್ದ ವೀರ ಅವನು. ಅವು ಇನ್ನೊಬ್ಬ ಗ್ರೀಕ್ ನಾಯಕ ಒಡಿಸ್ಯೂಸನ ಪಾಲಾದಾಗ, ರಾತ್ರೋರಾತ್ರಿ ತನ್ನ ಕಡೆಯ ನಾಯಕರನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ದೇವಿ ಅವನ ಬುದ್ಧಿಗೆ ಮಂಕು ಕವಿಸುತ್ತಾಳೆ. ಮನುಷ್ಯರೆಂದು ಭ್ರಮಿಸಿ ದನಕುರಿಗಳನ್ನು ಕಡಿದು ಹಾಕುತ್ತಾನೆ. ಭ್ರಮೆ ಹರಿದಾಗ ನಾಚಿಕೆ ತಾಳಲಾರದೆ, ಹಿಂದೆ ಶತ್ರು ಹೆಕ್ಟರ್ ಕೊಟ್ಟಿದ್ದ ಕತ್ತಿಯನ್ನು ನೆಲಕ್ಕೆ ನೆಟ್ಟು ಅದರ ಮೇಲೆ ಬೀಳುತ್ತಾನೆ.

ಎಕ್ಸೆಕಿಯಾಸ್ ಎಂಬ ಅಥೆನ್ಸಿನ ಕುಂಬಾರ ಕ್ರಿ.ಪೂ. 6ನೇ ಶತಮಾನದಲ್ಲಿ ಮಾಡಿದ ಮಡಕೆಯೊಂದು ಈಗ ವ್ಯಾಟಿಕನ್ ಸಂಗ್ರಹಾಲಯದಲ್ಲಿದೆ. ಅದರ ಚಿತ್ರ ನನ್ನ ಬರೆಯುವ ಮೇಜಿನ ಎದುರಿಗಿದೆ. ಅಖಿಲಿಸ್ ಮತ್ತು ಏಜಾಕ್ಸ್ ಎದುರುಬದುರು ಕುಳಿತು ದಾಳದ ಆಟ ಆಡುತ್ತಿದ್ದಾರೆ. ಭರ್ಜಿಗಳನ್ನು ಇಬ್ಬರೂ ಕೈಬಿಟ್ಟಿಲ್ಲ. ಅಖಿಲಿಸನ ತಲೆಯ ಮೇಲೆ ಶಿರಸ್ತ್ರಾಣವಿದೆ, ಏಜಾಕ್ಸ್ ತನ್ನದನ್ನು ತೆಗೆದು ಹಿಂದೆ ಗುರಾಣಿಯ ಮೇಲಿಟ್ಟಿದ್ದಾನೆ. ಬಾಯಿಂದ ಹೊರಟಂತೆ ಅಕ್ಷರಗಳನ್ನೂ ಬರೆದಿದೆ: ಅಖಿಲಿಸ್ "ನಾಲ್ಕು" ಎನ್ನುತ್ತಾನೆ, ಏಜಾಕ್ಸ್ "ಮೂರು" ಎನ್ನುತ್ತಾನೆ. ಆ ಯುದ್ಧವನ್ನು ಹಾಡಿದ ಮಹಾಕವಿ ಹೋಮರನಲ್ಲಿ ಈ ಪ್ರಸಂಗವೇ ಇಲ್ಲ! ಯುದ್ಧದ ನಡುವಿನ ಒಂದು ಬಿಡುವು, ಒಂದೇ ಅಂಕಿಯ ಸೋಲು, ಅದರಲ್ಲಿಯೇ ಏಜಾಕ್ಸನ ಬದುಕೆಲ್ಲ ಇದೆ. ಕಾವ್ಯ ಹೇಳದೆ ಬಿಟ್ಟದ್ದನ್ನು ಹೀಗೆ ಕಾಣಬಹುದೆಂದು ನನಗೆ ಕಲಿಸಿದವನು ಈ ಕುಂಬಾರ.

ಮೂಲವನ್ನು ಬದಲಾಯಿಸುವುದು ಸರಿಯೇ ಎಂದೂ ಕೆಲವರು ಕೇಳುತ್ತಾರೆ. ಗ್ರೀಕ್ ಕವಿಗಳೇ ಬದಲಾಯಿಸಿದ್ದಾರೆ. ಕ್ರಿ.ಪೂ. 412ರಲ್ಲಿ ಆಡಿದ ಯೂರಿಪಿಡಿಸನ ನಾಟಕವೊಂದರಲ್ಲಿ ಯಾರಿಗಾಗಿ ಟ್ರಾಯ್ ಯುದ್ಧ ನಡೆಯಿತೋ ಆ ಹೆಲೆನ್ ಟ್ರಾಯ್‌ಗೆ ಹೋಗುವುದೇ ಇಲ್ಲ. ಅಲ್ಲಿಗೆ ಹೋದದ್ದು ಅವಳ ಮಾಯಾರೂಪ, ಅವಳು ಈಜಿಪ್ಟಿನಲ್ಲಿ ಇರುತ್ತಾಳೆ. ಹತ್ತು ವರ್ಷ ಜನ ಸತ್ತದ್ದು ಒಂದು ನೆರಳಿಗಾಗಿ ಎಂದು ತುಂಬಿದ ಸಭೆಯ ಮುಂದೆ ಹೇಳುವ ಎದೆಗಾರಿಕೆ ಅವನಿಗಿತ್ತು.

ಆದರೂ ನನ್ನನ್ನು ಬರೆಯಲು ಕೂರಿಸಿದವಳು ಸೊಫೊಕ್ಲಿಸನ ನಾಟಕದ ಟೆಕ್ಮೆಸ್ಸಾ. ಏಜಾಕ್ಸ್ ಅವಳ ಊರನ್ನು ಹಾಳುಗೆಡವಿ ಸೆರೆತಂದ ಹೆಣ್ಣು, ಈಗ ಅವನ ಮಗನ ತಾಯಿ. ಆ ರಾತ್ರಿ ಎಲ್ಲಿಗೆ ಹೊರಟೆ ಎಂದು ಅವಳು ಕೇಳಿದಾಗ, ಹೆಂಗಸರಿಗೆ ಮೌನವೇ ಒಡವೆ ಎಂದು ಅವನು ಬಾಯಿ ಮುಚ್ಚಿಸುತ್ತಾನೆ. ನೀನಲ್ಲದೆ ನನಗೆ ಬೇರೆ ಯಾವ ನಾಡಿದೆ ಎಂದು ಆಮೇಲೆ ಅವಳು ಬೇಡಿಕೊಳ್ಳುತ್ತಾಳೆ. ಅವನ ಹೆಣವನ್ನು ಮೊದಲು ಕಂಡು ಬಟ್ಟೆ ಹೊದಿಸುವವಳೂ ಅವಳೇ. ಅಷ್ಟಾದ ಮೇಲೆ, ಹೆಣವನ್ನು ಹೂಳಬೇಕೋ ಬೇಡವೋ ಎಂದು ಗಂಡಸರು ಜಗಳವಾಡುವಾಗ ಅವಳು ರಂಗದ ಮೇಲಿದ್ದೂ ಒಂದು ಮಾತಾಡುವುದಿಲ್ಲ. ಅಂದಿನ ರಂಗದಲ್ಲಿ ಮಾತಿನ ಪಾತ್ರಗಳಿಗೆ ಇದ್ದವರು ಮೂವರೇ ನಟರು. ಆ ಮೂವರೂ ಜಗಳದ ಪಾತ್ರಗಳಿಗೆ ಬೇಕಾದರು, ಅವಳ ಜಾಗದಲ್ಲಿ ಮೂಕಪಾತ್ರಧಾರಿ ಬಂದು ನಿಂತ.

ಮಗನನ್ನು ಸಲಾಮಿಸ್ ದ್ವೀಪದಲ್ಲಿರುವ ತನ್ನ ತಂದೆತಾಯಿಯರಿಗೆ ಒಪ್ಪಿಸಬೇಕೆಂದು ಏಜಾಕ್ಸ್ ಹೇಳಿ ಸಾಯುತ್ತಾನೆ. ಟೆಕ್ಮೆಸ್ಸಾ ಎಲ್ಲಿಗೆ ಹೋಗಬೇಕೆಂದು ಅವನು ಹೇಳುವುದಿಲ್ಲ, ಉಳಿದವರು ಕೇಳುವುದೂ ಇಲ್ಲ. ಹಡಗಿನಲ್ಲಿ ಅವಳಿಗೆ ಜಾಗ ಸಿಕ್ಕಿತೇ, ಸಿಕ್ಕಿದ್ದರೆ ಯಾರ ಆಸ್ತಿಯಾಗಿ ಎಂದು ಕೇಳುತ್ತಲೇ ನನ್ನ ಕಾದಂಬರಿಯ ಮೊದಲ ಅಧ್ಯಾಯ ಬರೆದೆ.